ಕಿಟ್ಟೆಲ್ ಬೇಕು, ಕಿಟ್ಟೆಲ್ ಬಂದ ಕೆಲಸ ಬೇಡ

ಪ್ರತಿ ವರ್ಷ ಜುಲೈ 1ಕ್ಕೆ ನನ್ನ ಫೋನಿಗೆ ಒಂದೇ ಫಾರ್ವರ್ಡ್ ನಾಲ್ಕೈದು ಗ್ರೂಪುಗಳಿಂದ ಬರುತ್ತೆ. 1843ರ ಈ ದಿನ ಮಂಗಳೂರಲ್ಲಿ ಹರ್ಮನ್ ಮೊಗ್ಲಿಂಗ್ ಎಂಬ ಜರ್ಮನ್ ಪಾದ್ರಿ ‘ಮಂಗಳೂರ ಸಮಾಚಾರ’ ಅನ್ನೋ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದರು, ಹಾಗಾಗಿ ಇವತ್ತು ಪತ್ರಿಕಾ ದಿನಾಚರಣೆ. ಕೆಳಗೆ ಕೈಮುಗಿಯೋ ಇಮೋಜಿಗಳು. ನವೆಂಬರ್ ಬಂತು ಅಂದ್ರೆ ಕಿಟ್ಟೆಲ್ ಸರದಿ. ‘ಹೊರದೇಶದಿಂದ ಬಂದು ನಮ್ಮ ಭಾಷೆಗೆ ನಿಘಂಟು ಕಟ್ಟಿಕೊಟ್ಟ ಮಹಾನುಭಾವ’ ಅಂತ ಶುರುವಾಗಿ, ‘ಇಲ್ಲೇ ಹುಟ್ಟಿದ ನಮಗೆ ನಾಚಿಕೆಯಾಗಬೇಕು’ ಅಂತ ಮುಗಿಯುತ್ತೆ.

ಅದೇ ಗ್ರೂಪು, ಅದೇ ಜನ, ಒಂದು ವಾರ ಬಿಟ್ಟು ಇನ್ನೊಂದು ವಿಡಿಯೋ ಹಾಕ್ತಾರೆ. ಯಾವುದೋ ಊರಿನ ಶೀಟಿನ ಮನೆಯಲ್ಲಿ ಇಪ್ಪತ್ತು ಜನ ಕೂತು ಪ್ರಾರ್ಥನೆ ಮಾಡ್ತಿದ್ದಾರೆ. ನಾಲ್ಕು ಹುಡುಗರು ಒಳಗೆ ನುಗ್ಗಿ ‘ಯಾರ್ರೀ ಪರ್ಮಿಷನ್ ಕೊಟ್ಟಿದ್ದು?’ ಅಂತ ಕೂಗ್ತಿದ್ದಾರೆ. ಅದಕ್ಕೂ ಲೈಕು ಬೀಳುತ್ತೆ. ಎರಡು ಪೋಸ್ಟಿಗೂ ಏನೋ ಸಂಬಂಧ ಇದೆ ಅಂತ ಯಾರಿಗೂ ಅನ್ನಿಸೋದಿಲ್ಲ.

ಸಂಬಂಧ ಇದೆ. ಮೊಗ್ಲಿಂಗ್ ಆಗಲಿ ಕಿಟ್ಟೆಲ್ ಆಗಲಿ ಕನ್ನಡಸೇವೆ ಮಾಡೋಣ ಅಂತ ಹಡಗು ಹತ್ತಿದವರಲ್ಲ. ಸುವಾರ್ತೆ ಸಾರೋಕೆ, ಜನರನ್ನು ಕ್ರಿಸ್ತನ ಕಡೆ ಕರೆಯೋಕೆ ಬಂದವರು. ಮಿಷನ್ ಅವರ ಖರ್ಚು ನೋಡಿಕೊಂಡಿದ್ದೂ ಅದಕ್ಕೇ. ನಿಘಂಟು, ಪತ್ರಿಕೆ, ಪ್ರೆಸ್ಸು, ಶಾಲೆ, ಹೆಂಚಿನ ಕಾರ್ಖಾನೆ ಇವೆಲ್ಲ ಆ ಒಂದು ಪ್ರಾಜೆಕ್ಟಿನ ಮಾಡ್ಯೂಲುಗಳು. ನಾವು ನಮಗೆ ಬೇಕಾದ ಎರಡು ಮಾಡ್ಯೂಲ್ ಇಟ್ಟುಕೊಂಡು ಪ್ರಾಜೆಕ್ಟಿನ ಹೆಸರನ್ನೇ ಅಳಿಸಿ ಹಾಕಿದೀವಿ.

ಇನ್ನೊಂದು ಕಡೆ, ಮಿಷನ್ ಬಗ್ಗೆ ಚರ್ಚಿನವರೇ ಬರೆಯುವ ಸ್ಮರಣ ಸಂಚಿಕೆಗಳಿವೆ. ಅವುಗಳಲ್ಲಿ ಹೆಚ್ಚಿನವು ‘ಮೊದಲು’ಗಳ ಪಟ್ಟಿ. ಮೊದಲ ಪತ್ರಿಕೆ, ಮೊದಲ ಹೆಂಚು, ಊರಿಗೆ ಮೊದಲ ಶಾಲೆ. ಯಾರು ಬಂದರು, ಏನು ಕಟ್ಟಿದರು ಅನ್ನೋದು ಸಿಗುತ್ತೆ. ಆ ಕಟ್ಟಡದೊಳಗೆ ಬಂದವನಿಗೆ ಏನಾಯ್ತು ಅನ್ನೋದು ಸಿಗೋದು ಅಪರೂಪ. ಹೊಗಳೋರೂ ತೆಗಳೋರೂ ಮುಟ್ಟದೆ ಬಿಟ್ಟ ಜಾಗ ಅದೇ. ಒಂದು ಧರ್ಮಪ್ರಚಾರದ ಕೆಲಸವನ್ನ ಒಳ್ಳೇದು ಕೆಟ್ಟದ್ದು ಅಂತ ಅಳೆಯೋದಾದರೆ ನನಗೆ ಕಾಣೋ ಅಳತೆಗೋಲು ಒಂದೇ: ಹೇಳೋಕೆ ಬಂದವನು ಎಷ್ಟು ಕೇಳಿಸಿಕೊಂಡ?

ಈ ಅಳತೆಗೋಲು ಹಿಡಿದು ನೋಡಿದರೆ ಬಾಸೆಲ್ ಮಿಷನ್ನಿನ ಲೆಕ್ಕ ಎರಡು ಕಡೆಗೂ ಬರೆಯಬೇಕಾಗುತ್ತೆ.

ಮೊದಲು ಜಮೆ. ಈ ಮಿಷನ್ 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ ಶುರುವಾಗಿದ್ದು. ಆದರೆ ಇಲ್ಲಿಗೆ ಬಂದವರಲ್ಲಿ ಹೆಚ್ಚಿನವರು ನೈಋತ್ಯ ಜರ್ಮನಿಯ ಹಳ್ಳಿ, ಸಣ್ಣ ಊರುಗಳವರು. ರೈತರ, ಕೈಕಸುಬಿನವರ ಮಕ್ಕಳು. ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶದಲ್ಲಿ ಬ್ರಿಟಿಷರಲ್ಲದ ಮಿಷನರಿಗಳಿಗೆ ದಾರಿ ತೆರೆದಿದ್ದು 1833ರ ಚಾರ್ಟರ್ ಕಾಯ್ದೆ. ಮರುವರ್ಷವೇ, 1834ರ ಅಕ್ಟೋಬರಿನಲ್ಲಿ ಹೆಬಿಕ್, ಲೇನರ್, ಗ್ರೈನರ್ ಅನ್ನೋ ಮೂವರು ಮಂಗಳೂರಿಗೆ ಬಂದಿಳಿದರು. ಕನ್ನಡ ನಾಡಿಗೆ ಇವರೇ ಮೊದಲೇನಲ್ಲ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಿಂದಲೇ ಇದ್ದರು, ಬೈಬಲನ್ನ ಕನ್ನಡಕ್ಕೆ ತರೋ ಕೆಲಸ ಅಲ್ಲಿ ಶುರುವಾಗಿತ್ತು.

ಬಾಸೆಲಿನವರ ನಂಬಿಕೆ ಸರಳವಾಗಿತ್ತು. ದೇವರ ಮಾತು ಎದೆಗೆ ತಾಗಬೇಕಾದರೆ ಅದು ತಾಯಿ ಆಡೋ ಮಾತಲ್ಲಿರಬೇಕು. ಪ್ರತಿಯೊಬ್ಬ ತಾನೇ ಓದಬೇಕು. ಓದಬೇಕಾದರೆ ಶಾಲೆ ಬೇಕು, ಶಾಲೆಗೆ ಪುಸ್ತಕ ಬೇಕು, ಪುಸ್ತಕಕ್ಕೆ ಪ್ರೆಸ್ಸು ಬೇಕು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಪ್ರೆಸ್ ಬಂತು. ತುಳುವಿಗೂ ಅದೇ ಲೆಕ್ಕ. 1847ರ ಹೊತ್ತಿಗೆ ಹೊಸ ಒಡಂಬಡಿಕೆ ತುಳುವಿನಲ್ಲಿತ್ತು, ಅಚ್ಚಾಗಿದ್ದು ಕನ್ನಡ ಲಿಪಿಯಲ್ಲಿ. 1872ರಲ್ಲಿ ಬ್ರಿಗೆಲ್ ಬರೆದ ತುಳು ವ್ಯಾಕರಣ, 1886ರಲ್ಲಿ ಮ್ಯಾನರ್ ಮಾಡಿದ ತುಳು ನಿಘಂಟು ಬಂದವು. ಆ ಕಾಲದಲ್ಲಿ ನಮ್ಮಲ್ಲಿ ಎಷ್ಟು ಪಂಡಿತರು ತುಳುವಿಗೆ ವ್ಯಾಕರಣ ಬರೆಯೋ ಕಷ್ಟ ತಗೊಂಡಿದ್ರು?

ಮೊಗ್ಲಿಂಗ್ ಬಂದಿದ್ದು 1836ರಲ್ಲಿ. ಪತ್ರಿಕೆ ಅವರ ಕೆಲಸದ ಸಣ್ಣ ಭಾಗ ಅಷ್ಟೇ. ಕಲ್ಲಚ್ಚಿನಲ್ಲಿ ಬರುತ್ತಿದ್ದ ‘ಮಂಗಳೂರ ಸಮಾಚಾರ’ ಒಂದು ವರ್ಷ ತುಂಬೋ ಮೊದಲೇ ಬಳ್ಳಾರಿಗೆ ಹೋಗಿ ‘ಕಂನಡ ಸಮಾಚಾರ’ ಆಯ್ತು, ಬಹಳ ಕಾಲ ಬಾಳಲಿಲ್ಲ. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು 1848ರಿಂದ 1853ರವರೆಗೆ ಅವರು ಹೊರತಂದ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಮಾಲೆ. ಕ್ಯಾಸಮೇಜರ್ ಎಂಬ ನಿವೃತ್ತ ಇಂಗ್ಲಿಷ್ ಅಧಿಕಾರಿಯ ದುಡ್ಡಿನಲ್ಲಿ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಕಲ್ಲಚ್ಚಿನಲ್ಲಿ ಬಂದವು. ಸ್ವಲ್ಪ ಯೋಚನೆ ಮಾಡಿ. ಜನರನ್ನ ವಿಠಲನಿಂದ, ಬಸವಣ್ಣನಿಂದ ಬಿಡಿಸಿ ಯೇಸುವಿನ ಕಡೆ ಕರಕೊಂಡು ಹೋಗಬೇಕು ಅಂತ ಬಂದ ಮನುಷ್ಯ, ವಿಠಲನ ಪದಗಳನ್ನೂ ಬಸವಣ್ಣನ ಪುರಾಣವನ್ನೂ ಅಚ್ಚು ಹಾಕಿಸ್ತಾ ಕೂತಿದ್ದಾನೆ. ಇದನ್ನ ಕಪಟ ಅಂತ ಓದಬಹುದು, ಉದಾರತೆ ಅಂತಲೂ ಓದಬಹುದು. ಎರಡೂ ಪೂರ್ತಿ ಸರಿಯಲ್ಲ ಅನ್ಸುತ್ತೆ. ಈ ಜನ ಏನು ಹಾಡ್ತಾರೆ ಅಂತ ಗೊತ್ತಿಲ್ಲದೆ ಇವರ ಹತ್ತಿರ ಮಾತಾಡೋಕೆ ಆಗಲ್ಲ ಅನ್ನೋದು ಅವರಿಗೆ ಅರ್ಥವಾಗಿತ್ತು. ಕೇಳ್ತಾ ಕೇಳ್ತಾ, ಕೇಳಿದ್ದೇ ಇಷ್ಟವಾಗೋಕೂ ಶುರುವಾಯ್ತು.

ಕಿಟ್ಟೆಲ್ ಇದಕ್ಕೆ ಇನ್ನೂ ಒಳ್ಳೆ ಉದಾಹರಣೆ. 1853ರಲ್ಲಿ ಬಂದರು. 1862ರಲ್ಲಿ ಯೇಸುವಿನ ಬದುಕನ್ನ ಕನ್ನಡದ ಛಂದಸ್ಸಿನಲ್ಲಿ ಹೇಳೋ ‘ಕಥಾಮಾಲೆ’ ಬಂತು. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’ ಸಂಪಾದಿಸಿ ಕೊಟ್ಟರು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’. ಅದೇ 1872ರಲ್ಲಿ ಅವರು ಬರೆದ ಇನ್ನೊಂದು ಪುಸ್ತಕ ಯಜ್ಞದ ಬಗ್ಗೆ. ಶಬ್ದಮಣಿದರ್ಪಣ ಸಂಪಾದಿಸಿದ ಕಿಟ್ಟೆಲ್ ನಮಗೆ ಗೊತ್ತು. ಯಜ್ಞದ ಪುಸ್ತಕ ಬರೆದ ಮಿಷನರಿ ಕಿಟ್ಟೆಲ್ ಗೊತ್ತಿಲ್ಲ. ಇಬ್ಬರೂ ಒಂದೇ ಮೇಜಿನ ಮುಂದೆ, ಒಂದೇ ದೀಪದ ಕೆಳಗೆ ಕೂತು ಬರೆದವರು.

1894ರ ನಿಘಂಟನ್ನೇ ತೆಗೆದು ನೋಡಿ. ಸುಮಾರು 70 ಸಾವಿರ ಪದಗಳು. ಯಾವ ಪುಟ ತೆರೆದರೂ ಹಳೆಗನ್ನಡದ ಶಬ್ದದ ಪಕ್ಕದಲ್ಲೇ ಅಡುಗೆಮನೆಯ, ಹೊಲದ ಶಬ್ದ ಕೂತಿರುತ್ತೆ. ಅರ್ಥ ಬಿಡಿಸೋಕೆ ಜೈಮಿನಿ, ಬಸವಪುರಾಣ, ದಾಸರ ಪದ. ಅದರ ಜೊತೆಗೆ ರಾಶಿ ರಾಶಿ ಗಾದೆಗಳು. ಹಳ್ಳಿಯಲ್ಲಿ ಬೆಳೆದ ನನಗೆ ಖುಷಿ ಕೊಡೋದು ಆ ಗಾದೆಗಳೇ. ಕಟ್ಟೆ ಮೇಲೆ ಕೂತವರು, ಬಾವಿ ಹತ್ತಿರ ನಿಂತವರು ಆಡಿದ ಮಾತನ್ನ ಯಾರೋ ಗಮನ ಕೊಟ್ಟು ಬರೆದುಕೊಳ್ಳದೆ ಇದ್ದಿದ್ರೆ ಅವು ಪುಸ್ತಕಕ್ಕೆ ಬರ್ತಿರಲಿಲ್ಲ. ಪ್ರಚಾರಕ್ಕೆ ಅಂತ ಹುಟ್ಟಿದ ಪುಸ್ತಕದಲ್ಲಿ ಇಷ್ಟು ಕಮ್ಮಿ ಪ್ರಚಾರ ಇರೋದೇ ಅದರ ದೊಡ್ಡತನ. ಬೆಂಗಳೂರಿನ ಎಂ.ಜಿ. ರಸ್ತೆಯಲ್ಲಿ ನಿಂತಿರೋ ಪ್ರತಿಮೆಗೆ ಆ ಮನುಷ್ಯ ಖಂಡಿತ ಯೋಗ್ಯ.

ಇನ್ನು ಖರ್ಚಿನ ಕಡೆ.

ಭಾಷೆಯ ವಿಷಯದಲ್ಲಿ ಕಿವಿ ತೆರೆದವರು ಬದುಕಿನ ವಿಷಯದಲ್ಲಿ ಅಷ್ಟು ತೆರೆಯಲಿಲ್ಲ. ಹುಬ್ಬಳ್ಳಿ-ಧಾರವಾಡದ ಕಡೆ ನಡೆದದ್ದು ಇದಕ್ಕೆ ಸಾಕ್ಷಿ. 1840ರ ಆಸುಪಾಸಿನಲ್ಲಿ ಅಲ್ಲಿ ಕಾಲಜ್ಞಾನದ ಹೊತ್ತಿಗೆಗಳನ್ನ ನಂಬುವ ಒಂದು ಗುಂಪು ತಾನಾಗಿಯೇ ಮಿಷನರಿಗಳನ್ನ ಹುಡುಕಿಕೊಂಡು ಬಂತು. ತಮ್ಮ ಹೊತ್ತಿಗೆಗಳಲ್ಲಿ ಬರುತ್ತೆ ಅಂತ ಹೇಳಿರೋದು ಇವರು ಹೇಳ್ತಿರೋದಕ್ಕೆ ಹೊಂದುತ್ತೆ ಅಂತ ಅವರಿಗನ್ನಿಸಿತ್ತು. ಮಿಷನರಿಗಳಿಗೆ ಸಂಭ್ರಮವೋ ಸಂಭ್ರಮ. ಇಂಥವರು ಬಂದು ನೆಲೆಸಲಿ ಅಂತ ಬೆಟಗೇರಿ ಹತ್ತಿರ ಮಲಸಮುದ್ರದಲ್ಲಿ ಒಂದು ಬೇಸಾಯದ ವಸಾಹತನ್ನೇ ಶುರು ಮಾಡಿದರು. ಆದರೆ ಹಳೆಯದೆಲ್ಲ ಬಿಟ್ಟು, ಬಹಿರಂಗವಾಗಿ ಒಪ್ಪಿಕೊಂಡು, ಜಾತಿಯಿಂದ ಹೊರಗೆ ಬನ್ನಿ ಅಂದಾಗ ಬಂದವರು ಹಿಂದೆ ಸರಿದರು. ವಸಾಹತು ಅಂದುಕೊಂಡ ಹಾಗೆ ನಡೆಯಲಿಲ್ಲ.

ಸಾಫ್ಟ್‌ವೇರ್ ಕೆಲಸದಲ್ಲಿ ಇದನ್ನ ನಾವು ದಿನಾ ನೋಡ್ತೀವಿ. ಕ್ಲೈಂಟ್ ‘ಹೌದು ಹೌದು, ಇದೇ ಬೇಕಿತ್ತು’ ಅಂತಾನೆ. ಅವನ ‘ಇದೇ’ ಅನ್ನೋದಕ್ಕೂ ನಮ್ಮ ‘ಇದೇ’ ಅನ್ನೋದಕ್ಕೂ ಅಜಗಜಾಂತರ ಇರುತ್ತೆ. ಆ ಜನಕ್ಕೆ ಯೇಸು ತಮ್ಮ ಕಥೆಯ ಮುಂದಿನ ಅಧ್ಯಾಯ. ಮಿಷನರಿಗೆ ಅದು ಹಳೇ ಪುಸ್ತಕ ಮುಚ್ಚಿ ತೆಗೆಯಬೇಕಾದ ಹೊಸ ಪುಸ್ತಕ. ಪದ ಗೊತ್ತಿತ್ತು, ಪದದ ಹಿಂದಿನ ಮನಸ್ಸು ಗೊತ್ತಾಗಲಿಲ್ಲ.

ಈ ಎಳೆದಾಟ ಕನ್ನಡ ಕ್ರೈಸ್ತರ ಶಬ್ದಗಳಲ್ಲೇ ಇದೆ. ಬೈಬಲಿನಲ್ಲಿ ದಾವೀದನ ಹೆಸರಲ್ಲಿರೋ ಹಾಡುಗಳಿಗೆ ಕನ್ನಡದಲ್ಲಿ ‘ಕೀರ್ತನೆಗಳು’ ಅಂತ ಹೆಸರು. ದಾಸರು ಹಾಡಿದ್ದೂ ಕೀರ್ತನೆಯೇ. ಕ್ರೈಸ್ತನಾಗೋ ಸಂಸ್ಕಾರ ‘ದೀಕ್ಷಾಸ್ನಾನ’. ದೀಕ್ಷೆ ಅನ್ನೋದು ಇಲ್ಲಿನ ಮಠಗಳ ಮಾತು. ಈ ಶಬ್ದಗಳಲ್ಲಿ ಬಾಗಿಲು ತೆರೆದಿದೆ. ಆದರೆ ಪುಸ್ತಕಕ್ಕೆ ಇಟ್ಟ ಹೆಸರು ‘ಸತ್ಯವೇದ’. ವೇದ ಅನ್ನೋ ನಮ್ಮ ಶಬ್ದವನ್ನ ತಗೊಂಡು, ಅದರ ಹಿಂದೆ ‘ಸತ್ಯ’ ಸೇರಿಸಿದರೆ, ಉಳಿದ ವೇದಗಳ ಬಗ್ಗೆ ಹೇಳಬೇಕಾದ್ದು ಹೇಳಿದ ಹಾಗಾಯ್ತು. ಒಂದೇ ಭಾಷಾಂತರದ ಕೆಲಸದಲ್ಲಿ ಎರವಲು ತಗೊಳ್ಳೋ ವಿನಯವೂ ಇದೆ, ಮೀರಿಸ್ತೀನಿ ಅನ್ನೋ ಹಠವೂ ಇದೆ. ಕನ್ನಡ ಸಾಹಿತ್ಯದ ವಿಮರ್ಶಕರು ವಚನದ ಒಂದೊಂದು ಶಬ್ದವನ್ನೂ ಹಿಂಜಿ ನೋಡಿದ್ದಾರೆ. ಇಷ್ಟು ಜನ ವಾರವಾರ ಓದೋ, ಹಾಡೋ ಈ ಕನ್ನಡದ ಕಡೆ ಅಷ್ಟೇ ಗಮನ ಕೊಟ್ಟವರು ಕಮ್ಮಿ. ಅದೂ ಕನ್ನಡವೇ ತಾನೇ?

ಈಗ ಹೆಂಚಿನ ವಿಷಯಕ್ಕೆ ಬರೋಣ, ಯಾಕಂದ್ರೆ ಮಿಷನ್ ಅಂದ್ರೆ ಏನು ಅನ್ನೋದು ನಿಘಂಟಿಗಿಂತ ಹೆಂಚಿನಲ್ಲೇ ಚೆನ್ನಾಗಿ ಕಾಣುತ್ತೆ. ಬಾಸೆಲಿನವರು ಜಾತಿಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಕ್ರೈಸ್ತನಾದ ಮೇಲೂ ಜಾತಿ ಇಟ್ಟುಕೊಂಡಿರಿ ಅಂತ ಬಿಟ್ಟ ಮಿಷನ್‌ಗಳು ದಕ್ಷಿಣ ಭಾರತದಲ್ಲಿ ಇದ್ದವು, ಇವರು ಬಿಡಲಿಲ್ಲ. ಇದರ ಪರಿಣಾಮ ಏನು? ಜಾತಿ ಬಿಟ್ಟವನಿಗೆ ಮನೆ ಹೋಯ್ತು, ಗೇಣಿ ಭೂಮಿ ಹೋಯ್ತು, ನೆಂಟಸ್ತಿಕೆ ಹೋಯ್ತು. ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಜನ; ಅವರ ಕಸುಬು ಶೇಂದಿ ಇಳಿಸೋದು. ಕ್ರೈಸ್ತನಾದ ಮೇಲೆ ಶೇಂದಿ ಇಳಿಸೋ ಹಾಗಿಲ್ಲ ಅಂದ್ರು ಮಿಷನರಿಗಳು. ಅಂದ್ರೆ ಸಮಾಜ ಒಂದು ಕೈಯಲ್ಲಿ ಅನ್ನ ಕಿತ್ತುಕೊಂಡರೆ ಮಿಷನ್ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ತು. ಕಿತ್ತುಕೊಂಡ ಮೇಲೆ ಕೊಡಲೇಬೇಕಾಯ್ತು. ನೇಯ್ಗೆ ಶುರುವಾಯ್ತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಎಂಬವರು ನೇತ್ರಾವತಿ ದಂಡೆಯ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ಕುದ್ರೋಳಿ, ಮಲ್ಪೆ, ಕೇರಳದ ಕಲ್ಲಿಕೋಟೆ, ಪಾಲಕ್ಕಾಡ್, ಫೆರೋಕ್ ಹೀಗೆ ಬೆಳೀತು. ಸೋಗೆ, ಹುಲ್ಲು ಹೊದಿಸ್ತಿದ್ದ ಎಷ್ಟೋ ಮಾಡುಗಳಿಗೆ ‘ಮಂಗಳೂರು ಹೆಂಚು’ ಬಂದಿದ್ದು ಹೀಗೆ. ನಮ್ಮಜ್ಜಿ ಮನೆಯ ಮಾಡಿಗೂ ಅದೇ ಹೆಸರಿನ ಹೆಂಚು. ಅದರ ಕೆಳಗೆ ಮಲಗಿ ಎದ್ದವರಿಗೆ ಅದು ಯಾರ ಹೊಟ್ಟೆಪಾಡಿನ ಕಥೆ ಅಂತ ತಿಳಿಯೋ ಪ್ರಮೇಯವೇ ಬರಲಿಲ್ಲ.

ಹೊಗಳೋರು ಇಲ್ಲಿಗೆ ನಿಲ್ಲಿಸ್ತಾರೆ. ಮುಂದಕ್ಕೆ ಹೋಗಬೇಕು. ಕಾರ್ಖಾನೆಯಲ್ಲಿ ದಿನ ಶುರುವಾಗ್ತಿದ್ದಿದ್ದು ಪ್ರಾರ್ಥನೆಯಿಂದ. ಕೆಲಸ ಕೊಡೋನು ಮಿಷನ್, ಮಕ್ಕಳ ಶಾಲೆ ಮಿಷನ್ನಿಂದು, ಭಾನುವಾರದ ಉಪದೇಶ ಮಿಷನ್ನಿಂದು, ಶಿಸ್ತು ತಪ್ಪಿದರೆ ವಿಚಾರಿಸೋದೂ ಮಿಷನ್ನೇ. ಬಾಸ್, ಹೆಡ್‌ಮಾಸ್ಟರ್, ಪಾದ್ರಿ ಮೂರೂ ಒಂದೇ ಮನೆಯವರು. ಇಂಥ ಕಡೆ ಒಬ್ಬ ಕೆಲಸಗಾರ ‘ನನಗೆ ಈ ಉಪದೇಶ ಒಪ್ಪಿಗೆಯಾಗಲ್ಲ’ ಅಂತ ಬಾಯಿ ಬಿಟ್ಟು ಹೇಳೋಕೆ ಸಾಧ್ಯವಿತ್ತಾ? ಜಾತಿಯ ಕಟ್ಟಿನಿಂದ ಹೊರಗೆ ಬಂದವನು ಒಂದು ಒಳ್ಳೆಯ, ಸ್ವಚ್ಛವಾದ, ಕೂಲಿ ಕೊಡೋ ಕಟ್ಟಿನೊಳಗೆ ಬಂದ. ಹಳೇದಕ್ಕಿಂತ ಇದು ನೂರು ಪಾಲು ವಾಸಿ; ಆದರೂ ಕಟ್ಟೇ. ಇದು ಎಷ್ಟು ಟೊಳ್ಳು ಅಂತ ಮೊದಲ ಮಹಾಯುದ್ಧದಲ್ಲಿ ಗೊತ್ತಾಯ್ತು. 1914ರಲ್ಲಿ ಜರ್ಮನ್ ಮಿಷನರಿಗಳು ಬ್ರಿಟಿಷರಿಗೆ ಶತ್ರುಗಳಾದರು, ಬಂಧನಕ್ಕೊಳಗಾಗಿ ದೇಶ ಬಿಡಬೇಕಾಯ್ತು. ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈ ಸೇರಿದವು. ಎಂಬತ್ತು ವರ್ಷ ಕಟ್ಟಿದ್ದರ ಕೀಲಿಕೈ ಸ್ಥಳೀಯರ ಕೈಯಲ್ಲಿ ಇರಲೇ ಇಲ್ಲ ಅನ್ನೋದು ಕೀಲಿಕೈ ಹೋದ ದಿನ ಕಾಣಿಸಿತು.

ಆ ‘ಸ್ಥಳೀಯರು’ ಯಾರು? ಹೊಗಳಿಕೆ ಬೈಗುಳ ಎರಡರಲ್ಲೂ ಕಾಣೆಯಾದವರು ಇವರೇ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಹುಡುಗ ಆನಂದರಾವ್ ಕೌಂಡಿನ್ಯ 1844ರ ಜನವರಿಯಲ್ಲಿ ಕ್ರೈಸ್ತನಾದಾಗ ಊರೇ ಎದ್ದು ನಿಂತಿತು. ಆತ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯ ದೀಕ್ಷೆ ಪಡೆದು ವಾಪಸ್ ಬಂದರು, ಇಲ್ಲೇ ದುಡಿದು 1893ರಲ್ಲಿ ತೀರಿಕೊಂಡರು. ಮೊಗ್ಲಿಂಗ್ ಹೆಸರು ಗೊತ್ತಿರೋ ನೂರು ಜನರಲ್ಲಿ ಕೌಂಡಿನ್ಯರ ಹೆಸರು ಕೇಳಿದವರು ಎಷ್ಟು ಮಂದಿ? ಇನ್ನು ಕೊಡಗಿನ ಆನಂದಪುರ. ಮೊಗ್ಲಿಂಗ್ 1853ರಲ್ಲಿ ಕೊಡಗಿಗೆ ಹೋದ ಮೇಲೆ ಅಲ್ಲಿ ಒಂದು ಸಭೆ ಬೆಳೀತು. ಬಂದು ಸೇರಿದವರಲ್ಲಿ ಹೆಚ್ಚಿನವರು ತಲೆತಲಾಂತರದಿಂದ ಜೀತ ಮಾಡ್ತಿದ್ದ, ಅಸ್ಪೃಶ್ಯರು ಅಂತ ಊರ ಹೊರಗಿಟ್ಟ ಜನ. ಅವರಿಗೆ ಮಿಷನ್ ಅಂದ್ರೆ ನಿಘಂಟೂ ಅಲ್ಲ, ಪತ್ರಿಕೆಯೂ ಅಲ್ಲ. ಮೊದಲ ಸಲ ಒಬ್ಬ ಓದುಬರಹ ಬಲ್ಲವನು ಪಕ್ಕದಲ್ಲಿ ಕೂತು ಹೆಸರು ಕೇಳಿದ್ದು. ನಾವು ‘ಕನ್ನಡಕ್ಕೆ ಮಿಷನರಿಗಳ ಕೊಡುಗೆ’ ಅಂತ ಪ್ರಬಂಧ ಬರೆಯುವಾಗ ಈ ಕೊಡುಗೆಯನ್ನ ಲೆಕ್ಕಕ್ಕೆ ತಗೊಳ್ಳೋದೇ ಇಲ್ಲ. ಯಾಕಂದ್ರೆ ಅದನ್ನ ತಗೊಂಡರೆ, ಅವರು ಹೆಸರು ಕೇಳೋಕೆ ಮುಂಚೆ ನಮ್ಮ ಹಿರಿಯರು ಯಾಕೆ ಕೇಳಿರಲಿಲ್ಲ ಅನ್ನೋ ಪ್ರಶ್ನೆಯೂ ಏಳುತ್ತೆ.

ಇಲ್ಲಿಂದ ಇವತ್ತಿಗೆ ಬರೋಣ. 2022ರ ಕರ್ನಾಟಕದ ಮತಾಂತರ ಕಾಯ್ದೆಯಲ್ಲಿ ‘ಆಮಿಷ’ ಅಂದ್ರೆ ಏನು ಅಂತ ಒಂದು ವ್ಯಾಖ್ಯಾನ ಇದೆ. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಉತ್ತಮ ಜೀವನಶೈಲಿ ಎಲ್ಲ ಅದರಲ್ಲಿ ಬರುತ್ತೆ. ಮತ ಬದಲಿಸೋನು 30 ದಿನ ಮುಂಚೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಇದನ್ನ ಹಿಂತೆಗೆದುಕೊಳ್ಳೋ ತೀರ್ಮಾನ ಮಾಡಿತು. ರಾಜಕೀಯ ಬಿಡಿ, ವ್ಯಾಖ್ಯಾನ ನೋಡಿ. ಈ ಅಳತೆಯಲ್ಲಿ ಜೆಪ್ಪು ಕಾರ್ಖಾನೆಯ ಕೂಲಿಯೂ ಆಮಿಷ, ಬಾಸೆಲ್ ಮಿಷನ್ ಶಾಲೆಯ ಬೆಂಚೂ ಆಮಿಷ. ಕಿಟ್ಟೆಲ್ ಪ್ರತಿಮೆಗೆ ಹಾರ ಹಾಕೋ ಅದೇ ವಿಧಾನಸೌಧ, ಕಿಟ್ಟೆಲರ ಮಿಷನ್ ಮಾಡಿದ ಕೆಲಸವನ್ನ ಅಪರಾಧದ ಪಟ್ಟಿಗೆ ಸೇರಿಸೋ ಕಾಯ್ದೆ ಬರೀತು. ಇದರಲ್ಲಿರೋ ವಿರೋಧಾಭಾಸ ಯಾರಿಗೂ ಚುಚ್ಚಲಿಲ್ಲ, ಯಾಕಂದ್ರೆ ಕಿಟ್ಟೆಲರನ್ನ ನಾವು ಮೊದಲೇ ಮಿಷನ್‌ನಿಂದ ಕತ್ತರಿಸಿ ಇಟ್ಟುಕೊಂಡಿದ್ದೆವು.

‘ಸೌಲಭ್ಯಕ್ಕಾಗಿ ಮತ ಬದಲಿಸ್ತಾರೆ’ ಅನ್ನೋ ಮಾತು ನಮ್ಮ ಆಫೀಸಿನ ಕ್ಯಾಂಟೀನಿನಲ್ಲೂ ಕೇಳಿಬರುತ್ತೆ. ಹೇಳೋರು ಒಂದು ವಿಷಯ ತಿಳ್ಕೊಂಡರೆ ಒಳ್ಳೇದು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸ್ಥಾನ ಇರೋದಿಲ್ಲ. ಕರ್ನಾಟಕದಲ್ಲಿ ಅವನು ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಬರ್ತಾನೆ. ಅಂದ್ರೆ ಮೀಸಲಾತಿಯ ಲೆಕ್ಕದಲ್ಲಿ ಅವನು ಕಳ್ಕೊಳ್ಳೋದೇ ಜಾಸ್ತಿ. ಕಳ್ಕೊಂಡೂ ಹೋಗ್ತಾನೆ ಅಂದ್ರೆ ಅಲ್ಲಿ ಇನ್ನೇನೋ ಸಿಗ್ತಿರಬೇಕು. ಅದೇನು ಅಂತ ವಿಚಾರಿಸೋ ಸಹನೆ ನಮಗಿಲ್ಲ.

ನಮ್ಮ ಅಪಾರ್ಟ್‌ಮೆಂಟಿಗೆ ಕೆಲಸಕ್ಕೆ ಬರ್ತಿದ್ದ, ರಾಯಚೂರು ಕಡೆಯ ಒಬ್ಬ ಹೆಂಗಸು ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗ್ತಿದ್ದರು. ಪಕ್ಕದ ಮನೆಯವರು ಒಮ್ಮೆ ‘ಅಲ್ಲಿ ದುಡ್ಡು ಕೊಡ್ತಾರಾ?’ ಅಂತ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟು: ‘ಎಲ್ಲೀ ರೊಕ್ಕರೀ ಅಕ್ಕಾರ. ನಾವ ಕಾಣಿಕಿ ಹಾಕ್ತೀವಿ. ದವಾಖಾನ್ಯಾಗ ಎಂಟ ದಿನಾ ಬಿದ್ದಿದ್ದೆ, ನೋಡಾಕ ಯಾರ್ ಬಂದ್ರು? ಅವ್ರ ಬಂದ್ರು.’ ಆ ಎಂಟು ದಿನ ಅವರ ಬದಲು ಇನ್ನೊಬ್ಬರನ್ನ ಕೆಲಸಕ್ಕೆ ಇಟ್ಟುಕೊಂಡ ಮನೆಗಳು ನಮ್ಮ ಬ್ಲಾಕಿನಲ್ಲಿ ಎರಡು. ನೋಡೋಕೆ ಹೋದ ಮನೆ ಒಂದೂ ಇಲ್ಲ. ಕಾಯ್ದೆಯ ಯಾವ ಕಲಮಿಗೆ ಈ ಆಸ್ಪತ್ರೆಯ ಭೇಟಿಯನ್ನ ಹಾಕೋಣ?

ಹಾಗಂತ ಇವತ್ತಿನ ಪ್ರಚಾರಕರನ್ನ ಬಿಟ್ಟುಬಿಡೋ ಹಾಗಿಲ್ಲ. ಅದೇ ಅಳತೆಗೋಲು ಅವರಿಗೂ ಹಿಡಿಯಬೇಕು. ಬೆಂಗಳೂರಿನ ದೊಡ್ಡ ದೊಡ್ಡ ಪ್ರಾರ್ಥನಾ ಹಾಲುಗಳಲ್ಲಿ ಉಪದೇಶ ನಡೆಯೋ ಬಗೆ ನೋಡಿ. ವೇದಿಕೆ ಮೇಲೆ ಒಬ್ಬರು ಇಂಗ್ಲಿಷಿನಲ್ಲಿ ಒಂದು ವಾಕ್ಯ ಹೇಳ್ತಾರೆ, ಪಕ್ಕದಲ್ಲಿ ನಿಂತವರು ಅದೇ ಏರುದನಿಯಲ್ಲಿ ಕನ್ನಡದಲ್ಲಿ ಒಂದು ವಾಕ್ಯ ಹೇಳ್ತಾರೆ. ಹಾಡೂ ಹಾಗೇ; ಗಿಟಾರ್, ಡ್ರಮ್ಸ್, ಎಲ್ಲೋ ಹುಟ್ಟಿದ ಟ್ಯೂನಿಗೆ ಕನ್ನಡದ ಶಬ್ದ ತುಂಬಿರ್ತಾರೆ. ನಮ್ಮ ಕೆಲಸದಲ್ಲಿ ಇದಕ್ಕೆ ಲೋಕಲೈಸೇಶನ್ ಅಂತೀವಿ. ಆ್ಯಪ್ ಅದೇ, ಬಟನ್ ಮೇಲಿನ ಅಕ್ಷರ ಮಾತ್ರ ಬೇರೆ. ಬಳಸೋನ ಬದುಕು ಹೇಗಿದೆ ಅಂತ ಯಾರೂ ಕೇಳಿರೋದಿಲ್ಲ. ಮೊಗ್ಲಿಂಗ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ಮೊದಲು ಇಲ್ಲಿನ ಹಾಡು ಕೇಳಿ, ಬರೆದುಕೊಂಡು, ಆಮೇಲೆ ಬಾಯಿ ತೆರೆದರು. ಇವತ್ತು ಕನ್ನಡದಲ್ಲಿ ಪ್ರಚಾರ ಮಾಡೋ ಗುಂಪುಗಳಲ್ಲಿ ಗಾದೆ ಸಂಗ್ರಹಿಸೋರು ಯಾರಿದ್ದಾರೆ?

ಕೇಳಿಸಿಕೊಳ್ಳದೆ ಹೇಳೋಕೆ ಹೊರಟರೆ ಬರೀ ಬೇಸರ ಆಗಲ್ಲ, ಅಪಾಯವೂ ಆಗುತ್ತೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರು ಸುತ್ತಮುತ್ತ ಚರ್ಚುಗಳ ಮೇಲೆ ದಾಳಿ ನಡೆದಾಗ ಮುಂದೊಡ್ಡಿದ ಕಾರಣಗಳಲ್ಲಿ ಒಂದು, ಹಿಂದೂ ದೇವರುಗಳನ್ನ ಹೀಯಾಳಿಸೋ ಪುಸ್ತಕ ಹಂಚಿದರು ಅನ್ನೋದು. ದಾಳಿಗೆ ಯಾವ ಪುಸ್ತಕವೂ ಸಮರ್ಥನೆ ಅಲ್ಲ. ಪೆಟ್ಟು ತಿಂದವರಲ್ಲಿ ಆ ಪುಸ್ತಕಕ್ಕೂ ತಮಗೂ ಸಂಬಂಧವೇ ಇಲ್ಲದ ಕಥೋಲಿಕರೂ ಇದ್ದರು. ಅದೇ ಅಕ್ಟೋಬರಿನಲ್ಲಿ ಎಸ್.ಎಲ್. ಭೈರಪ್ಪನವರು ವಿಜಯ ಕರ್ನಾಟಕದಲ್ಲಿ ಮತಾಂತರದ ಬಗ್ಗೆ ಬರೆದರು, ಪರ ವಿರೋಧದ ಪತ್ರಗಳು ವಾರಗಟ್ಟಲೆ ಬಂದವು. ಇಷ್ಟು ಮಾತಿನ ನಡುವೆ, ಮತ ಬದಲಿಸಿದ ಒಬ್ಬ ಕೂಲಿಯವನ ದನಿ ಕೇಳಿಸಿದ್ದು ಎಷ್ಟು? ಅವನ ಪರವಾಗಿ ಮಾತಾಡೋರಿದ್ದರು, ಅವನ ವಿರುದ್ಧ ಮಾತಾಡೋರಿದ್ದರು.

ಕನ್ನಡಪರ ಮನಸ್ಸಿನ ಗೆಳೆಯರಿಗೆ ಇನ್ನೊಂದು ಮಾತು. ಎರಡನೇ ವ್ಯಾಟಿಕನ್ ಪರಿಷತ್ತು 1960ರ ದಶಕದಲ್ಲಿ ಪೂಜೆಯನ್ನ ಲ್ಯಾಟಿನ್‌ನಿಂದ ಜನರ ಭಾಷೆಗೆ ಬಿಟ್ಟುಕೊಟ್ಟ ಮೇಲೆ, ಬೆಂಗಳೂರಿನ ಕಥೋಲಿಕ ಚರ್ಚುಗಳಲ್ಲಿ ಕನ್ನಡಕ್ಕೆ ಜಾಗ ಕೊಡಿ ಅಂತ ಕನ್ನಡ ಕ್ರೈಸ್ತರು ದಶಕಗಳ ಕಾಲ ಹೋರಾಡಿದ್ದಾರೆ. ಬೆಂಗಳೂರಿನಲ್ಲಿ ಕನ್ನಡಕ್ಕಾಗಿ ನಡೆದ ಹೋರಾಟಗಳಲ್ಲಿ ಇದೂ ಒಂದು. ಮಂಗಳೂರಿನ ಬಲ್ಮಠದಲ್ಲಿರೋ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನಲ್ಲಿ ದೇವಶಾಸ್ತ್ರವನ್ನ ಕನ್ನಡದಲ್ಲಿ ಕಲಿಸ್ತಾರೆ. ಎಂಜಿನಿಯರಿಂಗ್ ಕನ್ನಡದಲ್ಲಿ ಸಾಧ್ಯವಾ ಅಂತ ನಾವು ಇನ್ನೂ ಚರ್ಚೆ ಮಾಡ್ತಿದೀವಿ. ಅವರು ಅಷ್ಟೇ ಕಷ್ಟದ ಒಂದು ಶಾಸ್ತ್ರವನ್ನ ಕನ್ನಡಕ್ಕೆ ಒಗ್ಗಿಸಿ ಪಾಠ ಮಾಡ್ತಿದ್ದಾರೆ. ರಾಜ್ಯೋತ್ಸವದ ಭಾಷಣದಲ್ಲಿ ಇವರ ಹೆಸರು ಬರೋದಿಲ್ಲ. ಸತ್ತ ಜರ್ಮನ್ ಪಾದ್ರಿ ನಮಗೆ ಹೆಮ್ಮೆ, ಬದುಕಿರೋ ಕನ್ನಡ ಪಾದ್ರಿ ನಮಗೆ ಅನುಮಾನ.

ಆದ್ದರಿಂದ ನನ್ನ ತಕರಾರು ಇಬ್ಬರ ಮೇಲೂ ಇದೆ. ಚರ್ಚಿನವರು ತಮ್ಮ ಇತಿಹಾಸ ಬರೆಯುವಾಗ ಬಂದಿಳಿದವರ ಪಟ್ಟಿ ಸಾಕು ಮಾಡಿ, ಸೇರಿದವರ ಕಥೆ ಬರೀಲಿ. ಶೇಂದಿ ಬಿಟ್ಟ ಬಿಲ್ಲವ ಮೊದಲ ತಿಂಗಳು ಏನು ತಿಂದ, ಆನಂದಪುರದಲ್ಲಿ ಅಕ್ಷರ ಕಲಿತ ಹೆಣ್ಣುಮಗಳು ಆಮೇಲೆ ಏನಾದಳು, ಸಭೆಯೊಳಗೆ ಜಾತಿ ನಿಜವಾಗಿ ಸತ್ತಿತಾ ಅಥವಾ ಮದುವೆ ಮಾತುಕತೆಯ ಹೊತ್ತಿಗೆ ಎದ್ದು ಕೂರುತ್ತಾ. ಇವನ್ನ ಅವರೇ ಬರೆಯಬೇಕು, ಹೊರಗಿನವರು ಬರೆದರೆ ಬೈಗುಳವಾಗುತ್ತೆ. ಇನ್ನು ನಾವು, ಕಿಟ್ಟೆಲರನ್ನ ಹೊಗಳೋದಾದರೆ ಇಡಿಯಾಗಿ ಹೊಗಳೋಣ. ಅವರ ನಂಬಿಕೆ ನಮಗೆ ಒಪ್ಪಿಗೆಯಾಗಬೇಕಿಲ್ಲ. ಬೇರೆಯವರ ಮನಸ್ಸು ಬದಲಿಸೋ ಆಸೆ ಇಟ್ಟುಕೊಂಡ ಮನುಷ್ಯನೊಬ್ಬ, ಆ ಮನಸ್ಸು ಏನು ಅಂತ ತಿಳಿಯೋಕೆ ದಶಕಗಳನ್ನೇ ಕೊಟ್ಟ ಅನ್ನೋದನ್ನ ಒಪ್ಪಿಕೊಂಡರೆ ಸಾಕು.

ಆ ನಿಘಂಟು ಇವತ್ತು ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತೆ. ಒಮ್ಮೆ ಇಳಿಸಿಕೊಂಡು ಯಾವುದಾದರೂ ಪುಟದ ಒಂದು ಗಾದೆ ಓದಿ. ಅದನ್ನ ಕಿಟ್ಟೆಲರ ಕಿವಿವರೆಗೆ ಮುಟ್ಟಿಸಿದವರು ಯಾವ ಊರಿನವರು, ಯಾವ ಜಾತಿಯವರು ಅಂತ ಅಲ್ಲಿ ಬರೆದಿರೋದಿಲ್ಲ. ಅವರ ಮೊಮ್ಮಕ್ಕಳ ಮಕ್ಕಳಲ್ಲಿ ಯಾರಾದರೂ ಇವತ್ತು ಶೀಟಿನ ಮನೆಯಲ್ಲಿ ಕೂತು ಪ್ರಾರ್ಥನೆ ಮಾಡ್ತಿದ್ದರೆ, ಬಾಗಿಲು ತಳ್ಳಿ ಪರ್ಮಿಷನ್ ಕೇಳೋದಕ್ಕೆ ಮುಂಚೆ ಆರೋಗ್ಯ ವಿಚಾರಿಸೋದು ನೆರೆಹೊರೆಯವರ ಕೆಲಸ.